ರೇಸ್ ನಿಲ್ಸಿರೋ ಕುದುರೆ ಫ್ರೀಯಾಗಿ ಕೊಡ್ತೀವಿ ಅಂತಿದಾರೆ, ತಗೊಳ್ಳೋದಾ ಬೇಡ್ವಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಹುಣಸೂರು ಕಡೆ ಹೋಗೋ ದಾರೀಲಿ ನಮ್ದೊಂದು ತೆಂಗಿನ ತೋಟ ಇದೆ, ಎರಡು ಹಸು ಇವೆ, ಬೋರ್ ನೀರಿಗೆ ಇಲ್ಲೀವರೆಗೂ ತೊಂದರೆ ಆಗಿಲ್ಲ. ಮಗಳಿಗೆ ಹದಿಮೂರು. ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸಲ್ಲಿ ಸವಾರಿ ಮಾಡಿದ ವಿಡಿಯೋ ನೋಡಿದಾಗಿಂದ ಕುದುರೆ ಹುಚ್ಚು ಹತ್ಕೊಂಡಿದೆ, ರೈಡಿಂಗ್ ಕ್ಲಾಸಿಗೆ ಹೋಗ್ತಾಳೆ, ಟ್ರಾಟ್ (ನಿಧಾನದ ಓಟ) ಚೆನ್ನಾಗಿ ಬರುತ್ತೆ, ಕ್ಯಾಂಟರ್ (ಅದಕ್ಕಿಂತ ಜೋರಿನ ಓಟ) ಈಗೀಗ ಕಲೀತಿದಾಳೆ. ಈಗ ಪರಿಚಯದೋರೊಬ್ರು ಆರು ವರ್ಷದ ಥರೋಬ್ರೆಡ್ (ರೇಸ್ ತಳಿ) ಗಂಡು ಕುದುರೆ ಇದೆ, ಬೀಜ ತೆಗ್ಸಿದಾರೆ, ರೇಸ್ ನಿಲ್ಸಿದಾರೆ, ದುಡ್ಡೇನೂ ಬೇಡ ಚೆನ್ನಾಗಿ ನೋಡ್ಕೊಂಡ್ರೆ ಸಾಕು ಅಂತಿದಾರೆ. ಹೋಗಿ ನೋಡಿದ್ವಿ. ಕಂದು ಬಣ್ಣ, ಹಣೇಲಿ ಬಿಳಿ ಚುಕ್ಕೆ, ಮಗಳ ಕೈಯಿಂದ ಕ್ಯಾರೆಟ್ ತಿಂದು ಆಮೇಲೆ ಅವಳ ಜಡೇನೂ ಬಾಯಿಗೆ ಹಾಕ್ಕೊಳ್ತು, ಅಷ್ಟೇ, ಮನೇಲಿ ಒಂದೇ ಹಠ. ನಮ್ಮಮ್ಮ ಸುಳಿ ನೋಡದೆ ಮನೆಗೆ ತರಬೇಡ ಅಂತಾರೆ, ಹೆಂಡತಿ ಸಗಣಿ ಬಾಚೋರು ಯಾರು ಅಂತಾಳೆ. ನನ್ನ ಪ್ರಶ್ನೆ ಇಷ್ಟೇ, ಹಸು ಕೊಟ್ಟಿಗೆ ಪಕ್ಕಾನೇ ಕಟ್ಟಬಹುದಾ, ಹಸುಗೆ ತರೋ ಫೀಡೇ ಹಾಕಿದ್ರೆ ನಡೆಯುತ್ತಾ, ತಿಂಗಳಿಗೆ ಖರ್ಚು ಎಷ್ಟು ಬರಬಹುದು?

ದೊಡ್ಡಬಳ್ಳಾಪುರದವ
ಮೊದಲು ಫೀಡ್ ವಿಷಯ ಹೇಳ್ಬಿಡ್ತೀನಿ ಸರ್, ಇದು ಜೀವದ ಪ್ರಶ್ನೆ. ಹಸು ಫೀಡ್ ಹಾಕ್ಲೇಬೇಡಿ. ಕೆಲವು ಹಸು ಫೀಡು, ಕೋಳಿ ಫೀಡಲ್ಲಿ ಮೊನೆನ್ಸಿನ್ ಅಂತ ಔಷಧಿ ಸೇರಿಸಿರ್ತಾರೆ, ಹಸುಗೆ ಏನೂ ಆಗಲ್ಲ, ಕುದುರೆಗೆ ಸ್ವಲ್ಪ ಹೋದ್ರೂ ಹೃದಯದ ಸ್ನಾಯು ಹಾಳಾಗಿ ಸತ್ತೇಹೋಗುತ್ತೆ. ಕಟ್ಟೋದು ಪಕ್ಕದಲ್ಲೇ ಕಟ್ಟಿ ಪರವಾಗಿಲ್ಲ, ಆದ್ರೆ ಬಿಚ್ಕೊಂಡು ಹೋಗಿ ಫೀಡ್ ಮೂಟೆಗೆ ಬಾಯಿ ಹಾಕದಂಗೆ ಬಾಗಿಲು ಭದ್ರ ಇರ್ಲಿ. ಇನ್ನೊಂದು, ನಮ್ಮ ಕಡೆ ಎಲ್ರೂ ಧಾರಾಳವಾಗಿ ಬೂಸಾ ಹಾಕ್ತಾರಲ್ಲ, ಬೂಸಾದಲ್ಲಿ ರಂಜಕ ಜಾಸ್ತಿ ಕ್ಯಾಲ್ಸಿಯಂ ಕಮ್ಮಿ, ಅದರ ಜೊತೆ ನೇಪಿಯರ್ ಹುಲ್ಲೊಂದೇ ಹಾಕ್ತಾ ಹೋದ್ರೆ ಅದರಲ್ಲಿರೋ ಆಕ್ಸಲೇಟ್ ಇರೋ ಕ್ಯಾಲ್ಸಿಯಮ್ಮನ್ನೂ ಹಿಡಿದಿಟ್ಕೊಳ್ಳುತ್ತೆ, ಆಮೇಲೆ ಮೈ ಮೂಳೆಯಿಂದ ಕ್ಯಾಲ್ಸಿಯಂ ಎಳ್ಕೊಳ್ಳಕ್ಕೆ ಶುರು ಮಾಡಿ ಕುಂಟೋದು, ಮುಖದ ಮೂಳೆ ಊದೋದು ಎಲ್ಲಾ ಆಗುತ್ತೆ. 450 ಕೆಜಿ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ ಒಳ್ಳೆ ಒಣಮೇವು ಬೇಕು, ಜೊತೆಗೆ ಒಂದಿಷ್ಟು ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ಕೆಲ್ಸ ಜಾಸ್ತಿ ಇದ್ರೆ ಓಟ್ಸ್ ಅಥವಾ ಬೇಯಿಸಿದ ಹುರುಳಿ ಸ್ವಲ್ಪ, ನೀರು 30-40 ಲೀಟರ್, ಬೇಸಿಗೇಲಿ ಇನ್ನೂ ಜಾಸ್ತಿ. ಮೇವಿಗೆ ಬೂಷ್ಟು ಹಿಡಿದಿದ್ರೆ ಹತ್ರಾನೂ ಇಡಬೇಡಿ.

ಹಸು ಸಾಕಿದೀನಿ ಕುದುರೇನೂ ಸಾಕ್ತೀನಿ ಅನ್ನೋ ಲೆಕ್ಕ ತಪ್ಪೋದು ಇಲ್ಲೇ ನೋಡಿ. ಇದು ಮೆಲುಕು ಹಾಕಲ್ಲ, ಹೊಟ್ಟೆ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ತಿಂತಾನೇ ಇರಬೇಕು, ಮೇಲಾಗಿ ವಾಂತಿ ಮಾಡಕ್ಕೇ ಆಗಲ್ಲ. ಅದಕ್ಕೇ ಕಾಲಿಕ್ (ಹೊಟ್ಟೆನೋವು) ಅಂದ್ರೆ ಕುದುರೆ ಇಟ್ಕೊಂಡಿರೋರೆಲ್ಲ ನಡುಗೋದು. ನಮ್ಮ ಹೆಣ್ಣು ಕುದುರೆಗೆ ಒಂದು ರಾತ್ರಿ ಬಂದಿತ್ತು, ಮುಂಗಾಲಲ್ಲಿ ನೆಲ ಕೆರೆಯೋದು, ತಿರುಗಿ ತಿರುಗಿ ಹೊಟ್ಟೆ ನೋಡ್ಕೊಳ್ಳೋದು, ಮಲಗಿ ಹೊರಳಾಡೋದು, ಪಕ್ಕೆಗೆ ಕಿವಿ ಇಟ್ರೆ ಸದಾ ಬರೋ ಗುಡುಗುಡು ಸದ್ದೇ ಇಲ್ಲ. ಹತ್ರದ ಡಾಕ್ಟ್ರು ನಾನು ದನ ಎಮ್ಮೆ ಬಿಟ್ರೆ ಕುದುರೆ ಮುಟ್ಟಲ್ಲ ಅಂದ್ಬಿಟ್ರು, ಬೇರೆಯೋರು ಬರೋ ಹೊತ್ತಿಗೆ ಬೆಳಗಿನ ಜಾವ. ಬದುಕಿತು, ಅದು ಬೇರೆ ಮಾತು. ಖರ್ಚು ಕೇಳಿದ್ರಲ್ಲ, ನಮಗೆ ಸೈಸ್ (ಕುದುರೆ ನೋಡ್ಕೊಳ್ಳೋ ಆಳು) ಸಂಬಳ ಬಿಟ್ಟು ತಿಂಗಳಿಗೆ ಹದಿನೈದು ಸಾವಿರ ದಾಟುತ್ತೆ. ಡಾಕ್ಟ್ರು ಬಂದ ತಿಂಗಳ ಲೆಕ್ಕ ಬರೆಯೋದೇ ಬಿಟ್ಟಿದೀನಿ.

ಹಳೇ ಲಾಯ, ಮೈಸೂರು
ನಾನು ರೇಸ್ ಲಾಯದಲ್ಲೇ ಬೆಳೆದೋನು, ಆ ಕಡೆಯಿಂದ ಹೇಳ್ತೀನಿ. ಕುದುರೆ ಕೆಟ್ಟದು ಅಂತಲ್ಲ, ಅದಕ್ಕೆ ಕಲಿಸಿರೋದೇ ಬೇರೆ. ಮಗಳಿಗೆ ಕ್ಲಾಸಲ್ಲಿ ಲಗಾಮು ಹಿಡಿದ್ರೆ ನಿಲ್ಲುತ್ತೆ ಅಂತ ಹೇಳ್ಕೊಟ್ಟಿರ್ತಾರೆ, ರೇಸ್ ಕುದುರೆ ಲಗಾಮು ಬಿಗಿಯಾದ್ರೆ ಅದಕ್ಕೇ ಒರಗಿಕೊಂಡು ಇನ್ನೂ ಜೋರಾಗಿ ಹೋಗುತ್ತೆ, ಹುಡುಗಿ ಹೆದರಿ ಇನ್ನೂ ಎಳೀತಾಳೆ, ಅದು ನಾಗಾಲೋಟ. ಹತ್ತೋದೂ ಹಂಗೇ, ಜಾಕಿನ ಮೊಣಕಾಲು ಹಿಡಿದು ಎತ್ತಿ ಕೂರಿಸ್ತಾರೆ, ಕುದುರೆ ನಡೀತಾನೇ ಇರುತ್ತೆ, ರಿಕಾಪಿಗೆ ಕಾಲಿಟ್ಟು ಹತ್ತೋ ತನಕ ಸುಮ್ನೆ ನಿಂತಿರೋದು ಅದಕ್ಕೆ ಗೊತ್ತೇ ಇರಲ್ಲ. ದಿನಕ್ಕೆ ಇಪ್ಪತ್ತೆರಡು ಗಂಟೆ ನಾಕು ಗೋಡೆ ಮಧ್ಯ ಇದ್ದಿದ್ದು, ನಿಮ್ಮ ತೋಟದಲ್ಲಿ ಏಕ್ದಂ ಬಿಟ್ರೆ ಓಡಿ ಬೇಲಿಗೆ ಬೀಳುತ್ತೆ. ಮುಳ್ಳುತಂತಿ ಇದ್ರೆ ಮೊದಲು ಕಿತ್ತು ಹಾಕಿ.

ಯಾಕೆ ರೇಸ್ ನಿಲ್ಸಿದ್ರು ಅಂತ ಕೇಳಿದ್ರಾ? ಸ್ಪೀಡ್ ಇಲ್ದೇ ನಿಲ್ಸಿದ್ರೆ ಅದೃಷ್ಟ, ಕಾಲು ಕೆಟ್ಟು ನಿಲ್ಸಿದ್ರೆ ಯೋಚನೆ ಮಾಡಿ. ಮುಂಗಾಲಲ್ಲಿ ಮಂಡಿ ಕೆಳಗೆ ಹಿಂಭಾಗದ ನರ ಇರುತ್ತಲ್ಲ, ಎರಡೂ ಕಾಲಿಂದು ಕೈಯಲ್ಲಿ ಸವರಿ ನೋಡಿ, ಒಂದು ಬೆಚ್ಚಗೆ ದಪ್ಪಗೆ ಸಿಕ್ರೆ ಅದು ಇನ್ನೂ ವಾಸಿಯಾಗದ ಏಟು. ಆಮೇಲೆ ಗ್ಲಾಂಡರ್ಸ್ ರಕ್ತ ಪರೀಕ್ಷೆ ಆಗಿರೋ ಕಾಗದ ಕೇಳಿ, ಅದಿಲ್ದೆ ಯಾವ ಕುದುರೇನೂ ಮನೆ ಗೇಟು ದಾಟಿಸ್ಬೇಡಿ. ಅದು ಮನುಷ್ಯರಿಗೂ ಅಂಟೋ ಕಾಯಿಲೆ, ಪಾಸಿಟಿವ್ ಬಂದ್ರೆ ಕುದುರೆನ ಸಾಯಿಸ್ಲೇಬೇಕು.

ನನ್ನ ಕೇಳಿದ್ರೆ ಹದಿಮೂರು ವರ್ಷದ ಹುಡುಗಿಗೆ ರೈಡಿಂಗ್ ಸ್ಕೂಲಲ್ಲಿ ಪಳಗಿದ ಹನ್ನೆರಡು ಹದಿಮೂರು ವರ್ಷದ ಕುದುರೇನೇ ವಾಸಿ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತೆ, ಹನ್ನೆರಡು ಅಂದ್ರೆ ಮುದಿ ಅಲ್ಲ.

ಬೆಳಗಾವಿ ಗಾಡಿ
ಅಣ್ಣಾರ, ನಮ್ಮ ಕಡೆ ಶರ್ಯತ್ತಿನ ಗಾಡಿಗೆ ಕುದುರಿ ಸಾಕ್ತಾರ್ರಿ, ನಮ್ಮ ಅಜ್ಜಾನ ಕಾಲದಿಂದ ಮನ್ಯಾಗ ಐತಿ. ಎಲ್ಲಾರೂ ಮೇವಿಂದ ಹೇಳ್ಯಾರ, ನಾ ಕಾಲಿಂದ ಹೇಳ್ತೀನಿ. ಲಾಳ ಬಡಿಯಾವ ನಿಮ್ಮ ಊರಾಗ ಅದಾನೇನು? ಮೊದಲ ಅವನ್ನ ಹುಡುಕ್ರಿ, ಕುದುರಿ ಆಮ್ಯಾಲೆ. ಗೊರಸು ನಮ್ಮ ಉಗುರಿನಂಗ ಬೆಳಿತೈತಿ, ಆರು ವಾರಕ್ಕೊಮ್ಮಿ ಕೆತ್ತಿ ಲಾಳ ಹೊಸದು ಬಡೀಬೇಕು, ತಡಾ ಮಾಡಿದ್ರ ನಡಿಗೀನ ಕೆಡತೈತಿ. ಎತ್ತಿಗೆ ಬಡಿಯಾವ ಕುದುರಿಗೂ ಬಡೀತೀನಿ ಅಂತಾನ, ಒಪ್ಪಬ್ಯಾಡ್ರಿ, ಮೊಳಿ ಅರ್ಧ ಇಂಚು ಒಳಗ ಹೋದ್ರ ಮುಗೀತು, ಕೀವು ತುಂಬಿ ಮೂರು ಕಾಲಿನ ಮ್ಯಾಲೆ ನಿಂದರತೈತಿ. ಧನುರ್ವಾಯು ಕುದುರಿಗೆ ಭಾಳ ಲಗೂನ ಹತ್ತೈತ್ರಿ, ಆ ಇಂಜೆಕ್ಷನ್ ಮಾತ್ರ ತಪ್ಪಿಸಬ್ಯಾಡ್ರಿ. ಮತ್ತ ಒಂದ ಕುದುರಿ ಒಂಟಿ ಇಟ್ರ ಬ್ಯಾಸರಾ ಮಾಡ್ಕೊಂಡು ಕಟ್ಟಿಗಿ ಕಡೀತೈತಿ, ನಿಮ್ಮ ಆಕಳ ಕಾಣೂಹಂಗ ಕಟ್ರಿ, ಇಲ್ಲಾ ಒಂದು ಆಡು ತಂದು ಬಿಡ್ರಿ.

ಏನಾ ಅನ್ರಿ, ಮುಂಜಾನೆ ನನ್ನ ಗಾಡಿ ಸಪ್ಪಳಕ್ಕ ಕೆನಿತೈತಿ ನೋಡ್ರಿ, ಮನ್ಯಾಗ ಯಾರೂ ಅಷ್ಟು ಖುಷಿ ಪಡಂಗಿಲ್ಲ.

ತೋಟದಮನೆ
ಎಲ್ರಿಗೂ ಥ್ಯಾಂಕ್ಸ್, ಆದ್ರೆ ಓದಿ ಓದಿ ಕೈಕಾಲು ತಣ್ಣಗಾಯ್ತು 😅 ಮಗಳಿಗೆ ತೋರಿಸ್ದೆ, ಮೊನೆನ್ಸಿನ್ ಆಗ್ಲೇ ಗೊತ್ತು ಅಪ್ಪಾ ಅಂದ್ಳು. ಬೇಲಿ ಮುಳ್ಳುತಂತೀನೇ ಇರೋದು. ಲಾಳದೋರನ್ನ ಮೈಸೂರಲ್ಲಿ ಟಾಂಗಾದೋರ ಹತ್ರ ವಿಚಾರಿಸ್ತೀನಿ. ಸುಳಿ ಬಗ್ಗೆ ಯಾರೂ ಹೇಳ್ಲಿಲ್ಲ?

ಮಲೆನಾಡ್ ಸವಾರಿ
ಎಲ್ಲಾ ಸೇರಿ ಅವರನ್ನ ಹೆದರಿಸಿಬಿಟ್ರಲ್ಲ. ನಾನು ಶಿವಮೊಗ್ಗ ಹತ್ರ ಒಂದು ಮಾರ್ವಾಡಿ ತಳಿ ಹೆಣ್ಣು ಕುದುರೆ ಇಟ್ಕೊಂಡಿದೀನಿ, ಆ ಒಳಗೆ ಬಾಗಿ ತುದಿ ಸೇರೋ ಕಿವಿಗೇ ಮರುಳಾಗಿ ತಂದಿದ್ದು. ಬೆಳಿಗ್ಗೆ ಸವಾರಿಗೆ ಮುಂಚೆ ಗೊರಸು ಕ್ಲೀನ್ ಮಾಡಕ್ಕೆ ಬಗ್ತೀನಲ್ಲ, ಭುಜದಿಂದ ಕೈ ಇಳಿಸ್ತಾ ಇದ್ದಂಗೆ ಅವಳೇ ಕಾಲೆತ್ತಿ ಕೈಗೆ ಕೊಡ್ತಾಳೆ, ಕೊಟ್ಟು ಆಮೇಲೆ ಮೆಲ್ಲಗೆ ಮೈಭಾರ ಎಲ್ಲಾ ನನ್ನ ಬೆನ್ನ ಮೇಲೆ ಹಾಕಿ ಆರಾಮಾಗಿ ನಿಂತ್ಕೊಳ್ತಾಳೆ, ಬೈದ್ರೆ ಉಸ್ಸಂತ ಉಸಿರು ಬಿಡ್ತಾಳೆ. ನಮ್ಮ ಕಡೆ ಮಳೆಗಾಲ ಅಂದ್ರೆ ನಿಜವಾಗ್ಲೂ ಕಷ್ಟ, ಗೊರಸಿನ ಅಡಿ ಕೊಳೆತು ವಾಸನೆ ಬರುತ್ತೆ, ಜೀನಿಗೆ ಬೂಷ್ಟು, ಉಣ್ಣೆ ಆರಿಸಿ ಮುಗಿಯಲ್ಲ, ಜೂನಲ್ಲಿ ಮೂರು ವಾರ ಹತ್ತಕ್ಕೇ ಆಗಲ್ಲ. ಲಾರಿ ಹಾರ್ನಿಗೆ ಜಗ್ಗಲ್ಲ, ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಕವರ್ ಕಂಡ್ರೆ ಮಾತ್ರ ಹುಲಿ ಕಂಡಂಗೆ ಆಡ್ತಾಳೆ. ಮಗಳಿಗೆ ಬೈಕ್ ಹೆಲ್ಮೆಟ್ ಬೇಡ, ಸವಾರಿದೇ ತಗೊಳ್ಳಿ, ಶೂಗೆ ಹಿಮ್ಮಡಿ ಇರ್ಲಿ, ಇಲ್ದಿದ್ರೆ ಪಾದ ರಿಕಾಪಲ್ಲಿ ತೂರ್ಕೊಂಡು ಸಿಕ್ಕಾಕೊಳ್ಳುತ್ತೆ.

ಸುಳಿ ವಿಷ್ಯ, ಕತ್ತಿನ ಕೆಳಗೆ ದೇವಮಣಿ ಸುಳಿ ಇದೆ ಅಂತ ತೋರಿಸಿ, ಅಮ್ಮ ಒಪ್ಕೊಳ್ತಾರೆ. ನನ್ನ ಮಟ್ಟಿಗೆ ಸುಳಿಗಿಂತ ಹಲ್ಲು ಗೊರಸು ನೋಡೋದು ಮುಖ್ಯ, ಆದ್ರೆ ಮನೇಲಿ ಮುನಿಸು ಇಟ್ಕೊಂಡು ಕುದುರೆ ತರೋದು ಬೇಡ.

ಹಳೇ ಲಾಯ, ಮೈಸೂರು
ಅಮ್ಮನ್ನೇ ಕರ್ಕೊಂಡು ಹೋಗಿ ತೋರಿಸಿ, ಹಳಬರ ಕಣ್ಣು ಚುರುಕು. ಮನಸ್ಸು ಆಗಿದ್ರೆ ಆ ಕುದುರೇನ ಈಗ್ಲೇ ಮನೆಗೆ ತರಬೇಡಿ, ಆರು ತಿಂಗಳು ಅಲ್ಲೇ ಇರಿಸಿ ರೇಸ್ ಕುದುರೆ ಮರುತರಬೇತಿ ಗೊತ್ತಿರೋರ ಕೈಲಿ ಪಳಗಿಸಿ, ಮೇವಿನ ಖರ್ಚು ನಿಮ್ದು ಅಂತ ಮಾತಾಡ್ಕೊಳ್ಳಿ, ಮಗಳು ಭಾನುವಾರ ಹೋಗಿ ಮೈ ಉಜ್ಜಲಿ, ಕೈಹಿಡಿದು ನಡೆಸಲಿ, ಹತ್ತೋದು ಬೇಡ. ಅಷ್ಟರೊಳಗೆ ನೀವು ಬೇಲಿ ಬದಲಾಯಿಸಿ. ಒಪ್ಪದಿದ್ರೆ ಕುದುರೆ ಬಿಟ್ಬಿಡಿ, ಫ್ರೀ ಕುದುರೆ ಮತ್ತೆ ಬರುತ್ತೆ, ಪ್ರತಿ ಸೀಸನ್ ಮುಗಿದಾಗ ಬರ್ತಾನೇ ಇರ್ತವೆ.

ತೋಟದಮನೆ
ಈ ಐಡಿಯಾ ಮನೇಲಿ ಎಲ್ರಿಗೂ ಒಪ್ಪಿಗೆ ಆಯ್ತು, ಮಗಳು ಬಿಟ್ಟು. ನಾಳೆ ಅವರಿಗೆ ಫೋನ್ ಮಾಡಿ ಗ್ಲಾಂಡರ್ಸ್ ಕಾಗದ ಕೇಳ್ತೀನಿ. ಮುಳ್ಳುತಂತಿ ಬದ್ಲು ಏನು ಹಾಕ್ಬೇಕು, ಮರದ ಪಟ್ಟೀನಾ ಕಬ್ಬಿಣದ ಪೈಪಾ?

ದೊಡ್ಡಬಳ್ಳಾಪುರದವ
ಮರ ಗೆದ್ದಲಿಗೆ ಹೋಗುತ್ತೆ, ಅದು ಬಿಟ್ಟಿದ್ದು ಕುದುರೆ ಕಡಿಯುತ್ತೆ. ಪೈಪ್ ಹಾಕ್ಸಿ, ಎದೆ ಮಟ್ಟಕ್ಕೆ ಒಂದು ಮಂಡಿ ಮಟ್ಟಕ್ಕೆ ಒಂದು, ತುದಿಗಳೆಲ್ಲ ಮುಚ್ಚಿಸಿ.