ಅಪ್‌ಡೇಟ್: ಹಿತ್ತಲ ಕೋಣೆಯ ಸಿಮೆಂಟ್ ಶೀಟಿನ ವರದಿ ಬಂತು
ಕಲಬುರಗಿಯ ನಮ್ಮ ಹಳೆಯ ಮನೆಯ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಸ್, ಧೂಳು ಉಸಿರಿನೊಳಗೆ ಹೋದರೆ ಅಪಾಯ ತರುವ ಖನಿಜ ನಾರು) ಇದೆಯೇ ಎಂದು ಕೇಳಿದ್ದೆನಲ್ಲ, ಇದೆ. ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್.

ಕಲ್ನಾರಾದರೆ ಉರಿಯದು, ಬೆಂಕಿ ಹಚ್ಚಿ ನೋಡಿ ಎಂದವರೇ, ಕಲ್ನಾರಿರಲಿ ಇಲ್ಲದಿರಲಿ ಸಿಮೆಂಟ್ ಶೀಟ್ ಉರಿಯುವುದಿಲ್ಲ! ಕಣ್ಣಳತೆಯೂ ಕೈಕೊಟ್ಟಿತು, ಕಲ್ನಾರಿಲ್ಲದ ಶೀಟಿಗೂ ಅದೇ ಬೂದು ಬಣ್ಣ, ಅದೇ ಅಲೆ. ಕೈಹಿಡಿದದ್ದು ‘ಧೂಳೇಳದಂತೆ ಒದ್ದೆ ಮಾಡಿ ಚೂರು ತೆಗೆಯಿರಿ’ ಎಂಬ ಸಲಹೆ. ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ಹಾಕಿಕೊಂಡು ಸೋಪುನೀರು ಸಿಂಪಡಿಸಿದೆ. ನಮ್ಮ ಬಿಸಿಲಿಗೆ ಅದು ಕ್ಷಣದಲ್ಲಿ ಆರಿತು, ಮೂರು ಸಲ ಸಿಂಪಡಿಸಬೇಕಾಯಿತು. ಮೊದಲೇ ಸೀಳಿದ್ದ ಅಂಚಿನಿಂದ ನಾಣ್ಯದಷ್ಟು ಚೂರನ್ನು ಇಕ್ಕಳದಲ್ಲಿ ತೆಗೆದು, ಎರಡು ಜಿಪ್ ಚೀಲಗಳೊಳಗಿಟ್ಟು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳುಹಿಸಿದೆ. ನಾರು ಉದುರದಿರಲೆಂದು ಅಂಚಿಗೆ ಬಣ್ಣ ಬಳಿದೆ.

ಇಂಥ ಶೀಟುಗಳ ಮಾರಾಟಕ್ಕೆ ನಮ್ಮ ದೇಶದಲ್ಲಿ ನಿಷೇಧವಿಲ್ಲ ಎಂಬುದು ಈಗಲೇ ತಿಳಿದದ್ದು. ನಮ್ಮ ಶೀಟ್ ಗಟ್ಟಿಯಾಗಿರುವ ಕಾರಣ ಸದ್ಯಕ್ಕೆ ಇದ್ದಲ್ಲೇ ಬಿಟ್ಟಿದ್ದೇನೆ. ತೂತು ಕೊರೆಯಲು ಡ್ರಿಲ್ ತಂದ ಅಳಿಯನನ್ನು ಮಾತ್ರ ಚಹಾ ಕುಡಿಸಿ ವಾಪಸು ಕಳುಹಿಸಿದೆ.