ಅಪ್‌ಡೇಟ್: ಸೈನಿಕ ಪೂರ್ವಜರ ದಾಖಲೆ ಕೊನೆಗೂ ಮಸ್ಟರ್ ರೋಲ್‌ನಲ್ಲಿ ಸಿಕ್ಕಿತು

1850ರ ದಶಕದಲ್ಲಿ ಬ್ರಿಟಿಷ್ ಸೇನೆಯ ಕಾಲಾಳುಪಡೆಯಲ್ಲಿದ್ದ ಪೂರ್ವಜರ ಸೇವಾ ದಾಖಲೆ ಎಲ್ಲಿ ಹುಡುಕಬೇಕು ಅಂತ ಕೇಳಿದ್ದೆ. ಸಿಕ್ಕಿತು, ಎಲ್ಲರಿಗೂ ಧನ್ಯವಾದ.

ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯೂಒ 97 ಸರಣಿಯಲ್ಲಿ (ಡಬ್ಲ್ಯೂಒ ಅಂದರೆ ವಾರ್ ಆಫೀಸ್, ಬ್ರಿಟಿಷ್ ಸೇನಾ ಇಲಾಖೆ; 97 ಸೈನಿಕರ ಸೇವಾ ಕಾಗದಗಳ ಸರಣಿ) ಹೆಸರಿರಲಿಲ್ಲ. ಅದರಲ್ಲಿ 1883ಕ್ಕಿಂತ ಹಿಂದಿನ ಕಾಗದಗಳು ಬಹುಪಾಲು ಪಿಂಚಣಿ ಪಡೆದು ಹೊರಬಂದವರವು. ಸೇವೆಯಲ್ಲಿದ್ದಾಗಲೇ ಸತ್ತವರು, ಓಡಿಹೋದವರು ಸಾಮಾನ್ಯವಾಗಿ ಸಿಗುವುದಿಲ್ಲ.

ಕೆಲಸಕ್ಕೆ ಬಂದದ್ದು ಮಸ್ಟರ್ ರೋಲ್ (ಪಡೆಯಲ್ಲಿದ್ದವರ ಹಾಜರಿ, ಸಂಬಳದ ಪಟ್ಟಿ) ನೋಡಿ ಅಂದವರ ಸಲಹೆ, ಅಂದರೆ ಡಬ್ಲ್ಯೂಒ 12 ಸರಣಿ. ಇದರ ಜೋಡಣೆ ರೆಜಿಮೆಂಟ್ ಪ್ರಕಾರ, ಹಾಗಾಗಿ ಮೊದಲು ರೆಜಿಮೆಂಟ್ ಗೊತ್ತಿರಬೇಕು. ಮೂರು ಮೂರು ತಿಂಗಳ ಪಟ್ಟಿಗಳಲ್ಲಿ ಹಿಂದಕ್ಕೆ ಹೋಗುತ್ತಿದ್ದರೆ ಸೇನೆಗೆ ಸೇರಿದ ಕಾಲ ಸಿಗುತ್ತದೆ. ನಿಜವಾದ ಅಚ್ಚರಿ ಪಟ್ಟಿಯ ಕೊನೆಯಲ್ಲಿತ್ತು: ಸತ್ತವರು, ಪಡೆ ಬಿಟ್ಟವರ ಪ್ರತ್ಯೇಕ ಯಾದಿ. ಹುಟ್ಟೂರು, ಕಸುಬು, ಸೇರಿದ ದಿನ ಎಷ್ಟೋ ಸಲ ಅಲ್ಲೇ ಇರುತ್ತವೆ!

ಆಗಿನ ಸೈನಿಕ ಸಂಖ್ಯೆ ರೆಜಿಮೆಂಟಿನದು, ವರ್ಗವಾದರೆ ಬದಲಾಗುತ್ತಿತ್ತು. ಸಂಖ್ಯೆ ತಾಳೆಯಾಗಲಿಲ್ಲ ಅಂತ ಕೈಬಿಡಬೇಡಿ.