ಥೈರಾಯ್ಡ್ ತೆಗೆದ ಮೂರನೆಯ ದಿನ ಬೆರಳುಗಳು ಸೆಟೆಯುತ್ತಿವೆ

ಹಾಸನದ ಸದಸ್ಯೆ: ಡಾಕ್ಟರೇ, ಅಮ್ಮನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದು ಇಂದಿಗೆ 3 ದಿನ. ನಿನ್ನೆ ಮನೆಗೆ ಕಳುಹಿಸಿದರು. ಬೆಳಿಗ್ಗೆಯಿಂದ ತುಟಿಯ ಸುತ್ತ ಇರುವೆ ಹರಿದಂತಾಗುತ್ತಿದೆ ಎನ್ನುತ್ತಿದ್ದರು. ಈಗ ಬೆರಳುಗಳು ಸೆಟೆದು ಒಳಕ್ಕೆ ಮಡಚಿಕೊಳ್ಳುತ್ತಿವೆ. ನಿಶ್ಶಕ್ತಿಯೇ?

ಡಾಕ್ಟರ್: ನಿಶ್ಶಕ್ತಿಯಲ್ಲಮ್ಮ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವ ಲಕ್ಷಣ. ಈಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.

ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕಿರುತ್ತವೆ. ಕ್ಯಾಲ್ಸಿಯಂ ಕಾಯುವುದು ಅವೇ. ಎಷ್ಟು ಎಚ್ಚರ ವಹಿಸಿದರೂ ಅವುಗಳ ಕೂದಲೆಳೆಯಂಥ ರಕ್ತನಾಳಗಳಿಗೆ ಪೆಟ್ಟಾಗಬಹುದು. ಹೆಚ್ಚಿನವರಲ್ಲಿ ಅವು ಚೇತರಿಸಿಕೊಳ್ಳುತ್ತವೆ. ಆದರೆ ಕ್ಯಾಲ್ಸಿಯಂ ತಳಮುಟ್ಟುವುದು ಸಾಮಾನ್ಯವಾಗಿ 2ರಿಂದ 4ನೆಯ ದಿನದೊಳಗೆ, ಎಷ್ಟೋ ಸಲ ರೋಗಿ ಮನೆ ಸೇರಿದ ಮೇಲೆ. ನನಗೆ ಭಯವಿರುವುದೇ ಅಲ್ಲಿ. ಸೆಟೆತ ಗಂಟಲಿಗೆ ಬಂದರೆ ಉಸಿರು ಕಟ್ಟುತ್ತದೆ. ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಆಸ್ಪತ್ರೆಯಲ್ಲಿ ಇಸಿಜಿ ಗಮನಿಸುತ್ತಾ ಕ್ಯಾಲ್ಸಿಯಂ ಗ್ಲುಕೋನೇಟನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ಮೆಗ್ನೀಸಿಯಂ ಪರೀಕ್ಷೆಯನ್ನೂ ಕೇಳಿ. ಅದು ಕಡಿಮೆಯಿದ್ದರೆ ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ನಿಲ್ಲದು.

ಮೈಸೂರಿನ ಸದಸ್ಯ: ಗೋಧಿಕಾಳಿನಷ್ಟು ಸುಣ್ಣವನ್ನು ಮೊಸರಿನಲ್ಲಿ ಕದಡಿ ಕುಡಿಸಿದರೆ ತಕ್ಷಣ ಸರಿಹೋಗುತ್ತದೆಯಂತೆ. ನನಗೆ ಬಂದ ಸಂದೇಶ, ಎಲ್ಲರಿಗೂ ತಲುಪಿಸಿ.

ಡಾಕ್ಟರ್: ಯಾರಿಗೂ ತಲುಪಿಸಬೇಡಿ, ಅಳಿಸಿ. ಸುಣ್ಣ ಬಾಯಿ, ಅನ್ನನಾಳಗಳನ್ನು ಸುಡುತ್ತದೆ. ಕೈ ಸೆಟೆದವರ ಮನೆಯಲ್ಲಿ ಅದನ್ನು ಕದಡುತ್ತಾ ಕೂರುವ ಹೊತ್ತೂ ಇರುವುದಿಲ್ಲ.

ತುಮಕೂರಿನ ಸದಸ್ಯೆ: ರಾಗಿ ಅಂಬಲಿ ಸಾಲದೇ?

ಡಾಕ್ಟರ್: ಸಾಲದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಇಲ್ಲದಿದ್ದರೆ ಮೂತ್ರಪಿಂಡ ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ಸರಿಯಾಗಿ ಹದಗೊಳಿಸಲಾರದು, ಕರುಳು ಕ್ಯಾಲ್ಸಿಯಂ ಸಾಕಷ್ಟು ಹೀರಲಾರದು. ಹದಗೊಂಡ ರೂಪವಾದ ಕ್ಯಾಲ್ಸಿಟ್ರಿಯಾಲ್ ಕೊಡುವುದು ಅದಕ್ಕೇ.

ಧಾರವಾಡದ ಸದಸ್ಯ: ಥೈರಾಯ್ಡ್ ತೆಗೆದವರಿಗೆ ಕೊಡುವ ಥೈರಾಕ್ಸಿನ್ ಹಾರ್ಮೋನ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಮಾತ್ರೆ ನುಂಗಬಹುದೇ?

ಡಾಕ್ಟರ್: ಬೇಡ. 4 ಗಂಟೆ ಅಂತರವಿರಲಿ.

ಮೈಸೂರಿನ ಸದಸ್ಯ: ನಮ್ಮ ಅಜ್ಜಿ ಕೊನೆಯವರೆಗೂ ಎಲೆಯಡಿಕೆಗೆ ಸುಣ್ಣ ಹಚ್ಚಿಕೊಂಡರು. ಏನೂ ಆಗಲಿಲ್ಲ.

ಶಿವಮೊಗ್ಗದ ಸದಸ್ಯೆ: ನಿಮ್ಮ ಅಜ್ಜಿಯ ಥೈರಾಯ್ಡ್ ತೆಗೆದಿದ್ದರೇ? ನಮ್ಮ ಅಣ್ಣನಿಗೆ ಹೀಗೆಯೇ ಕೈ ಸೆಟೆದಾಗ ಇಂಥ ಸಲಹೆಗಳಲ್ಲೇ ಒಂದು ರಾತ್ರಿ ಕಳೆದುಹೋಯಿತು.

ಮೈಸೂರಿನ ಸದಸ್ಯ: ಹಿರಿಯರ ಮದ್ದನ್ನು ಹೀಗಳೆಯಬೇಡಿ.

ಶಿವಮೊಗ್ಗದ ಸದಸ್ಯೆ: ಹಾಗಾದರೆ ನಿಮ್ಮ ಮನೆಯವರಿಗೇ ಕುಡಿಸಿ ನೋಡಿ!

ಮಂಡ್ಯದ ಸದಸ್ಯೆ: ನನಗೆ ಶಸ್ತ್ರಚಿಕಿತ್ಸೆಯಾಗಿ 2 ವರ್ಷ. ಮಾತ್ರೆ ಬಿಟ್ಟರೆ ಈಗಲೂ ಜೋಮು ಬರುತ್ತದೆ. ಜೀವನಪೂರ್ತಿ ಹೀಗೆಯೇ?

ಬಳ್ಳಾರಿಯ ಸದಸ್ಯ: ಥೈರಾಕ್ಸಿನ್, ಕ್ಯಾಲ್ಸಿಯಂ ಒಟ್ಟಿಗೆ ನುಂಗಬಹುದೇ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಹಾಸನದವರು ಆಸ್ಪತ್ರೆ ತಲುಪಿದರೇ?

ಹಾಸನದ ಸದಸ್ಯೆ: ತಲುಪಿದೆವು. ಕ್ಯಾಲ್ಸಿಯಂ 6.4ಕ್ಕೆ ಇಳಿದಿತ್ತು. ಡ್ರಿಪ್ ಹಾಕಿದ್ದಾರೆ, ಬೆರಳುಗಳು ಬಿಚ್ಚಿಕೊಳ್ಳುತ್ತಿವೆ.

ಡಾಕ್ಟರ್: ಸದ್ಯ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಊತ ಕಂಡರೆ ತಕ್ಷಣ ನರ್ಸ್‌ಗೆ ಹೇಳಿ. ಆ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಕೊಳೆಯಬಹುದು.